ನಾಲ್ಕೇ ಸಾಮಾನಿನ ಚೀಸು

ಅರವತ್ತಾರು ತುಂಬುವವರೆಗೆ ವಿಲ್ಮಾ ಫಾರ್ನಿ ಅಂಗಡಿಯಿಂದ ಕ್ರೀಮ್ ಚೀಸ್ ಕೊಂಡವಳೇ ಅಲ್ಲ. ಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ. ಗಂಡ ಓರಿನ್ ಊರಿನ ಚೀಸ್ ಪ್ಲಾಂಟಿನಲ್ಲಿ ಮೂವತ್ತೆಂಟು ವರ್ಷ ದುಡಿದವನು. ಪ್ರತಿ ಶುಕ್ರವಾರ ಸಂಜೆ ಮುಚ್ಚಳ ಸೊಟ್ಟಗಾದ, ಅಂಚು ಜಜ್ಜಿದ, ತೂಕದಲ್ಲಿ ಕಡಿಮೆ ಬಿದ್ದ ಡಬ್ಬಿಗಳನ್ನು ಕೋಟಿನ ಎರಡೂ ಜೇಬಿಗೆ ತುಂಬಿಕೊಂಡು ಬರುತ್ತಿದ್ದ. ಕೆಲಸಗಾರರು ಒಯ್ಯಲಿ ಎಂದೇ ಪ್ಲಾಂಟಿನವರು ಅವನ್ನು ಬಾಗಿಲ ಬಳಿ ಜೋಡಿಸಿಡುತ್ತಿದ್ದರು. ಬೆಳಗಿನ ಬ್ರೆಡ್ಡಿಗೆ ಅದೇ, ಬೇಯಿಸಿದ ಆಲೂಗಡ್ಡೆಗೆ ಅದೇ, ಕ್ರಿಸ್‌ಮಸ್ಸಿಗೆ ಮಾಡುವ ಚೀಸ್‌ಕೇಕಿಗೂ ಅದೇ. ಓರಿನ್ ನಿವೃತ್ತನಾದ ಮೇಲೂ ಹಳೆಯ ಜೊತೆಗಾರರು ಎರಡೆರಡು ಡಬ್ಬಿ ತಂದು ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದರು. ಬ್ಲ್ಯಾಕ್ ರಿವರ್ ಕಣಿವೆಯ ಆ ಊರಿನಲ್ಲಿ ಅರ್ಧಕ್ಕರ್ಧ ಮನೆಗಳ ಕತೆ ಹೀಗೆಯೇ ಇತ್ತು. ಡಬ್ಬಿಯ ಹಿಂಬದಿ ಏನು ಬರೆದಿದೆಯೆಂದು ಯಾರೂ ತಿರುಗಿಸಿ ನೋಡಿದವರಲ್ಲ.

ವಿಲ್ಮಾ ಊರ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದವಳು. ಗಿಡ್ಡ ಆಳು, ಅಗಲ ಕೈ, ಕಡಿಮೆ ಮಾತು. ಸ್ವಂತ ಮಕ್ಕಳಾಗಲಿಲ್ಲ. ಓರಿನ್ ಮಾತ್ರ ಉದ್ದಕ್ಕೆ, ತೆಳ್ಳಗೆ, ಎಲ್ಲದಕ್ಕೂ ಒಂದು ಕುಚೋದ್ಯ ತೆಗೆಯುವವನು. ಅವನಿಗೆ ಕರುಳಿನ ಕ್ಯಾನ್ಸರ್ ಅಂತ ಗೊತ್ತಾದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಅಕ್ಟೋಬರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹೆಂಗಸೊಬ್ಬಳು ಹಾಸಿಗೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ಇನ್ನೂ ಮೂವತ್ತು ದಾಟದವಳು.

"ಊಟ ಏನು ಸೇರತ್ತೆ ನಿಮಗೆ?" ಎಂದು ಕೇಳಿದಳು.

"ಬ್ರೆಡ್ ಸುಟ್ಟು, ಮೇಲೆ ಕ್ರೀಮ್ ಚೀಸ್ ಬಳ್ಕೊಂಡು ತಿಂತೀನಿ. ಇನ್ನೇನೂ ಬೇಡ ಅನ್ಸತ್ತೆ," ಎಂದ ಓರಿನ್. "ಆದ್ರೆ ಅದು ತಿಂದ್ರೂ ಈಗ ಹೊಟ್ಟೆ ನಗಾರಿ ಆಗತ್ತೆ."

"ಕೆಲವರಿಗೆ ಹಾಗಾಗತ್ತೆ. ಅದರಲ್ಲಿ ಹಾಕೋ ಅಂಟು, ಗಟ್ಟಿ ಮಾಡೋ ಪುಡಿ, ಇವೆಲ್ಲ ಒಗ್ಗಲ್ಲ. ಮಿಸೆಸ್ ಫಾರ್ನಿ, ಅವಿಲ್ಲದ ಚೀಸು ಕೊಟ್ಟು ನೋಡಿ. ಅದು ಔಷಧಿ ಅಂತ ನಾನು ಹೇಳ್ತಿಲ್ಲ. ಇದ್ರಿಂದ ಕಾಯಿಲೆ ವಾಸಿ ಆಗಲ್ಲ. ತಿನ್ನೋದು ಸ್ವಲ್ಪ ಹಗುರ ಆಗಬಹುದು, ಅಷ್ಟೆ. ಡಬ್ಬಿ ಹಿಂದೆ ಓದಿ ತಗೊಳ್ಳಿ. ಪಟ್ಟಿ ಎಷ್ಟು ಚಿಕ್ಕದಿದ್ರೆ ಅಷ್ಟು ಒಳ್ಳೇದು."

"ಆ ಪಟ್ಟಿ ಉದ್ದ ಮಾಡಿದವನೇ ನಾನು ಕಣಮ್ಮ," ಎಂದು ಓರಿನ್ ನಕ್ಕ. ನಕ್ಕದ್ದಕ್ಕೆ ಹೊಲಿಗೆ ಎಳೆದು ಮುಖ ಕಿವುಚಿದ.

ಮಾತು ಸುಳ್ಳಲ್ಲ. ಅವನು ಪ್ಲಾಂಟಿಗೆ ಸೇರಿದ ಹೊಸತರಲ್ಲಿ ಚೀಸನ್ನು ಚೀಲದಲ್ಲಿ ಮಾಡುತ್ತಿದ್ದರು. ಹಾಲು ಕೆನೆ ಬೆರೆಸಿ, ಹೆಪ್ಪು ಹಾಕಿ, ಕೂತ ಗಡ್ಡೆಯನ್ನು ಸ್ವಲ್ಪ ಬಿಸಿ ಮಾಡಿ ಬಿಳಿ ಹತ್ತಿ ಚೀಲಗಳಿಗೆ ಸುರಿದು, ನೀರು ಬಸಿಯಲು ಸಾಲಾಗಿ ತೂಗುಹಾಕುವುದು. ಆ ಕೆಲಸ ನಡೆಯುತ್ತಿದ್ದ ತಣ್ಣನೆಯ ಉದ್ದ ಕೋಣೆಗೆ ಚೀಲದ ಕೋಣೆ ಎಂದೇ ಹೆಸರು. ಅಲ್ಲಿನ ಯಜಮಾನಿಕೆ ಆಲ್ಫಾನ್ಸ್ ಮೊನಾಟ್ ಎಂಬವನದು. ವಿಲ್ಮಾಳ ಅಪ್ಪ. ಚೀಲವನ್ನು ಹೊರಗಿನಿಂದ ಅಂಗೈಯಲ್ಲಿ ಒಮ್ಮೆ ಒತ್ತಿ, "ಇದು ಆಯ್ತು, ಇಳಿಸಿ. ಇದಕ್ಕಿನ್ನೂ ಒಂದು ಗಂಟೆ" ಎನ್ನುತ್ತಿದ್ದ. ಗಡಿಯಾರ ನೋಡುತ್ತಿರಲಿಲ್ಲ. ವಿಲ್ಮಾಳ ಅಮ್ಮ ಮನೆಯ ಹಿಂದೆ ಹಂಡೆ ಇಟ್ಟು ಆ ಚೀಲಗಳನ್ನು ಕುದಿಸಿ ಒಗೆಯುವಳು. ಹುಡುಗಿ ವಿಲ್ಮಾ ಅವನ್ನು ಹಿಂಡಿ ಹಗ್ಗಕ್ಕೆ ಹಾಕುವಳು. ಚಳಿಗಾಲದಲ್ಲಿ ಚೀಲಗಳು ಹಗ್ಗದ ಮೇಲೆಯೇ ಹಲಗೆಯಂತೆ ಸೆಟೆದುಕೊಳ್ಳುತ್ತಿದ್ದವು.

ಅವಳ ಮದುವೆಯಾಗಿ ಏಳನೇ ವರ್ಷಕ್ಕೆ ಪ್ಲಾಂಟಿಗೆ ಗಿರ್ರನೆ ತಿರುಗಿಸಿ ನೀರು ತೆಗೆಯುವ ಯಂತ್ರ ಬಂತು. ಅದರಿಂದ ಬಿಸಿಬಿಸಿಯಾಗಿಯೇ ಹೊರಬರುವ ಚೀಸನ್ನು ನೇರವಾಗಿ ಡಬ್ಬಿಗೆ ತುಂಬಬಹುದು. ಆದರೆ ಅಂಟಿನ ಪುಡಿ ಹಾಕದಿದ್ದರೆ ಅಂಗಡಿಯ ಕಪಾಟಿನಲ್ಲಿ ಕೂತಾಗ ಅದು ನೀರು ಬಿಡುತ್ತದೆ. ಮೇಲೆ ನೀರು ಕಂಡರೆ ಜನ ಕೆಟ್ಟಿದೆಯೆಂದು ವಾಪಸು ತರುತ್ತಾರೆ. ಹಾಗಾಗಿ ಅಂಟು. ಯಂತ್ರ ನಡೆಸಲು, ಅಂಟಿನ ಮೂಟೆ ಬಿಚ್ಚಿ ಸುರಿಯಲು ಆರಿಸಿದ ಮೊದಲ ಆಳು ಓರಿನ್. ಚೀಲದ ಕೋಣೆಗೆ ಬೀಗ ಬಿತ್ತು. ಆಲ್ಫಾನ್ಸನನ್ನು ಲಾರಿಗೆ ಪೆಟ್ಟಿಗೆ ಹೇರುವ ಕಡೆಗೆ ಹಾಕಿದರು. ಆಗ ಅವನಿಗೆ ಐವತ್ತಾರು.

ಅಪ್ಪ ಅಳಿಯನ ಮೇಲೆ ಕೂಗಾಡಲಿಲ್ಲ. ಭಾನುವಾರದ ಊಟಕ್ಕೆ ಮೊದಲಿನ ಹಾಗೆಯೇ ಬರುತ್ತಿದ್ದ. ಮೇಜಿನ ಮೇಲೆ ಆ ಡಬ್ಬಿ ಕಂಡರೆ ಮಾತ್ರ ಒಂದು ಬೆರಳಿನಿಂದ ಅದನ್ನು ಆಚೆ ಸರಿಸುತ್ತಿದ್ದ. ಎಂಟು ವರ್ಷ ಹೀಗೆ ಸರಿಸಿ ಸರಿಸಿಯೇ ಸತ್ತುಹೋದ.

ಈಗ ನವೆಂಬರಿನ ಒಂದು ಬೆಳಿಗ್ಗೆ ವಿಲ್ಮಾ ಅಂಗಡಿಯ ತಣ್ಣನೆಯ ಕಪಾಟಿನ ಮುಂದೆ ನಿಂತಳು. ಕಪಾಟಿನಲ್ಲಿ ಹನ್ನೊಂದು ಬಗೆ. ಅಕ್ಷರಗಳು ಇರುವೆಯಷ್ಟು. ಕನ್ನಡಕ ಮೂಗಿನ ತುದಿಗೆ ತಂದು ಒಂದೊಂದಾಗಿ ತಿರುಗಿಸಿದಳು. ಮುಂದೆ ದೊಡ್ಡದಾಗಿ ಬರೆದಿರುವುದಕ್ಕೂ ಹಿಂದೆ ಸಣ್ಣದಾಗಿ ಬರೆದಿರುವುದಕ್ಕೂ ಸಂಬಂಧವಿಲ್ಲ ಎಂಬುದು ಅವಳಿಗೆ ಮೊದಲ ದಿನವೇ ತಿಳಿಯಿತು. ಹಸಿರು ಎಲೆ ಬಿಡಿಸಿ 'ಸಹಜ' ಎಂದು ಬರೆದಿದ್ದರಲ್ಲಿ ಎರಡು ಬಗೆಯ ಅಂಟಿತ್ತು. 'ಕೊಬ್ಬು ಕಡಿಮೆ' ಎಂದಿದ್ದರಲ್ಲಿ ಮೂರು. ಕೆನೆ ತೆಗೆದ ಜಾಗವನ್ನು ಏನಾದರೂ ಹಾಕಿ ತುಂಬಲೇಬೇಕಲ್ಲ. ಡಬ್ಬಿಯಲ್ಲಿ ಬರುವುದಕ್ಕಿಂತ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಗಟ್ಟಿ ತುಂಡಿನ ಪಟ್ಟಿ ಚಿಕ್ಕದು. ಆದರೆ ಅಂಟು ಅದರಲ್ಲೂ ತಪ್ಪಿರಲಿಲ್ಲ.

ಇದ್ದುದರಲ್ಲಿ ಮೂರು ಬಗೆ ಆರಿಸಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು ಓದಿ ಹೇಳಿದಳು. ಓರಿನ್ ಕಂಬಳಿ ಹೊದ್ದು ಒಲೆಯ ಹತ್ತಿರ ಕೂತಿದ್ದ.

"ಹಾಲು, ಕೆನೆ."

"ಸರಿ."

"ಉಪ್ಪು. ಹೆಪ್ಪು."

"ಅಲ್ಲಿಗೇ ನಿಲ್ಲಿಸಿಬಿಡು. ಅಲ್ಲಿಗೆ ಚೀಸು ಮುಗೀತು."

"ಕ್ಯಾರಬ್ ಕಾಯಿ ಅಂಟು."

"ಹಾಂ, ಅದು ನಾನು. ಐವತ್ತು ಪೌಂಡಿನ ಮೂಟೆ. ಸುರಿದು ಸುರಿದು ಹುಬ್ಬೆಲ್ಲ ಬೆಳ್ಳಗಾಗ್ತಿತ್ತು."

"ಇದೇನೋ ಬಾಯಿಗೇ ಬರಲ್ಲ. ಕ್ಸಾಂ..."

"ಅದು ಎರಡನೇ ಪಾಳಿಯವರ ಪಾಪ. ನಂದಲ್ಲ."

"ಸಾರ್ಬಿಕ್ ಆಮ್ಲ."

"ಬೂಷ್ಟು ಬರದ ಹಾಗೆ. ಅದೂ ನಾನೇ. ಬರ್ಕೋ."

ಅವಳಿಗೆ ನಗು ಬಂತು. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ. ಮೂರರಲ್ಲಿ ಯಾವುದು ತಿಂದರೂ ಅವನ ಹೊಟ್ಟೆ ಉಬ್ಬಿತು. ಮಧ್ಯಾಹ್ನವೆಲ್ಲ ಮಗ್ಗುಲಾಗಿ ಮುದುರಿ ಮಲಗಿ, ಹಲ್ಲು ಕಚ್ಚಿ ಕಿಟಕಿಯಾಚೆ ನೋಡುತ್ತಿದ್ದ.

ಮೂವತ್ತು ಮೈಲಿ ಆಚೆಯ ಪಟ್ಟಣದಲ್ಲಿ ಥೋರಾ ಎಂಬವಳ ಸಣ್ಣ ಅಂಗಡಿಯಿದೆ ಎಂದು ಚರ್ಚಿನಲ್ಲಿ ಯಾರೋ ಹೇಳಿದರು. ಧಾನ್ಯ, ಜೇನು, ಸುತ್ತಲಿನ ಹೈನುಗಾರರು ತಂದು ಕೊಡುವ ಸಾಮಾನು. ವಿಲ್ಮಾ ಹಿಮದಲ್ಲಿ ಕಾರು ನಡೆಸಿಕೊಂಡು ಹೋದಳು. ಥೋರಾ ಎತ್ತರದ ಆಳು, ನರೆತ ಜಡೆ. ಪಟ್ಟಿ ಹುಡುಕುತ್ತಾ ಬರುವವರನ್ನು ದಿನಾ ಕಂಡವಳು.

"ಅಂಟಿಲ್ಲದ್ದು ಬೇಕಾ? ಒಂದೇ ಇರೋದು," ಎಂದು ಕಪಾಟಿನ ಒಳಗಿನಿಂದ ಕಾಗದದ ಡಬ್ಬಿಯೊಂದನ್ನು ತೆಗೆದಳು. "ಮುಚ್ಚಳ ತೆಗೆದ್ರೆ ಮೇಲೆ ನೀರು ನಿಂತಿರತ್ತೆ. ಕೆಟ್ಟಿದೆ ಅಂತ ಬೈಕೊಂಡು ವಾಪಸ್ ತರಬೇಡಿ, ಆಯ್ತಾ? ಚಮಚದಲ್ಲಿ ಕಲಸಿಬಿಡಿ."

ವಿಲ್ಮಾ ತಿರುಗಿಸಿ ಓದಿದಳು. ಹಾಲು, ಕೆನೆ, ಉಪ್ಪು, ಹೆಪ್ಪು. ಮುಂದೇನಿದೆಯೆಂದು ಡಬ್ಬಿಯನ್ನು ಸುತ್ತಲೂ ಹೊರಳಿಸಿದಳು. ಮುಂದೇನೂ ಇರಲಿಲ್ಲ.

"ಯಾರು ಮಾಡೋದು?"

"ಗುಡ್ಡದಾಚೆ ಒಬ್ರು ಗಂಡ ಹೆಂಡ್ತಿ. ನಲವತ್ತು ಹಸು ಇಟ್ಕೊಂಡಿದಾರೆ."

ಓರಿನ್ ಮೊದಲ ತುತ್ತನ್ನು ಬಾಯಲ್ಲಿ ತುಂಬ ಹೊತ್ತು ಇಟ್ಟುಕೊಂಡ. ಸ್ವಲ್ಪ ಹುಳಿ ಮುಂದು, ನಾಲಿಗೆಗೆ ತರಿತರಿ. ಇನ್ನೊಂದು ಚೂರು ಬ್ರೆಡ್ಡು ಕೇಳಿದ. ಅಂದು ಮಧ್ಯಾಹ್ನ ಅವನು ಮುದುರಿಕೊಳ್ಳಲಿಲ್ಲ. ಮರುದಿನವೂ ಇಲ್ಲ. ವಾರಕ್ಕೆರಡು ಡಬ್ಬಿಯಂತೆ ಐದು ವಾರ ನಡೆಯಿತು. ಮೂರು ಪೌಂಡು ತೂಕ ಏರಿತು. ಕ್ರಿಸ್‌ಮಸ್ಸಿನ ಹಿಂದಿನ ದಿನ ಬೂಟು ಮೆಟ್ಟಿಕೊಂಡು ಹೊರಗೆ ಹೋಗಿ ಮೆಟ್ಟಿಲ ಹಿಮ ತಾನೇ ಗುಡಿಸಿದ. ವಿಲ್ಮಾ ಕಿಟಕಿಯಲ್ಲಿ ನಿಂತು ನೋಡಿದಳು. ಪಥ್ಯ ಹೇಳಿದವಳು ಹೇಳಿದ್ದು ಅವಳಿಗೆ ನೆನಪಿತ್ತು, ವಾಸಿಯಾಗುವುದಿಲ್ಲ ಎಂದು. ನೆನಪಿದ್ದರೂ ಮನಸ್ಸು ಕೇಳಬೇಕಲ್ಲ. ಈಸ್ಟರಿಗೆ ತಂಗಿಯ ಊರಿಗೆ ಇಬ್ಬರೂ ಹೋಗುವುದೆಂದು ಒಳಗೊಳಗೇ ಲೆಕ್ಕ ಹಾಕಿಕೊಂಡಳು.

ಜನವರಿಯ ಎರಡನೇ ವಾರ ಥೋರಾಳ ಫೋನು ಬಂತು.

"ವಿಲ್ಮಾ, ಇದೊಂದು ಸಲ ಬಂದ್ರೆ ಸಾಕು, ಆಮೇಲೆ ಅಷ್ಟು ದೂರದಿಂದ ಬರೋದು ಬೇಡ ಅಂತ ಮೊದ್ಲೇ ಹೇಳ್ತಿದೀನಿ. ಆ ಗುಡ್ಡದಾಚೆಯವ್ರು ಚೀಸ್ ಮಾಡೋದು ನಿಲ್ಸಿಬಿಟ್ರು."

"ಯಾಕೆ?"

"ಆಕೆಗೆ ಸೊಂಟ ಮುರೀತು. ಹಸು ಮಾರಿದ್ರಂತೆ. ನನ್ ಹತ್ರ ಉಳಿದಿದ್ದು ಎರಡೇ ಡಬ್ಬಿ, ನಿಮಗೇ ಅಂತ ಇಟ್ಟಿದೀನಿ."

"ಬೇರೆ ಯಾರಾದ್ರೂ ಮಾಡ್ತಾರಾ?"

"ಇದ್ದಿದ್ರೆ ನಾನೇ ತರಿಸ್ತಿದ್ದೆ ಅಲ್ವಾ," ಎಂದಳು ಥೋರಾ.

ವಿಲ್ಮಾ ಹೋಗಿ ಆ ಎರಡನ್ನೂ ತಂದಳು. ಕಾಲು ಚಮಚ, ಅರ್ಧ ಚಮಚ ಎಂದು ಹನ್ನೆರಡು ದಿನ ಎಳೆದಳು. ಮುಗಿಯುವ ದಿನ ಓರಿನ್ ಡಬ್ಬಿಯ ಒಳಗನ್ನು ಬೆರಳಿನಿಂದ ಬಳಿದು ನೆಕ್ಕಿ, ಕಿಟಕಿಯ ಕಡೆ ನೋಡುತ್ತಾ ಹೇಳಿದ:

"ನಿಮ್ಮಪ್ಪ ನನ್ನ ಕೇಳಿದ್ರು, ಗೊತ್ತಾ?"

"ಏನು ಕೇಳಿದ್ರು?"

"ಚೀಲದ ಕೋಣೆ ಮುಚ್ಚೋಕೆ ಮೂರು ದಿನ ಇತ್ತು. ಬಾಗ್ಲಲ್ಲಿ ನಿಂತಿದ್ರು. 'ಓರಿನ್, ಬಾ ಇಲ್ಲಿ. ಒಂದ್ಸಲ ಕೈ ಇಟ್ಟು ನೋಡು, ಯಾವಾಗ ಇಳಿಸ್ಬೇಕು ಅಂತ ಗೊತ್ತಾಗತ್ತೆ. ಯಾರಿಗಾದ್ರೂ ಒಬ್ರಿಗೆ ಗೊತ್ತಿರ್ಲಿ' ಅಂದ್ರು. ನಾನು ಹೊಸ ಮೆಷೀನಿನ ಕಡೆ ಹೊರಟಿದ್ದೆ. ಫೋರ್‌ಮನ್ ನೋಡ್ತಾ ಇದ್ದ. 'ನಾಳೆ ಬರ್ತೀನಿ ಮಾವ' ಅಂದೆ."

"ಹೋದ್ಯಾ?"

"ಇಲ್ಲ."

ಅವಳು ತೊಳೆಯುತ್ತಿದ್ದ ತಟ್ಟೆಯನ್ನು ನೀರಿನಲ್ಲೇ ಬಿಟ್ಟು ನಿಂತಳು. ಅಪ್ಪ ಯಾರಿಗೂ ಹೇಳಿಕೊಡದೆ ಹೊಟ್ಟೆಕಿಚ್ಚಿನಿಂದ ಎಲ್ಲ ಕಟ್ಟಿಕೊಂಡು ಹೋದ ಎಂದು ನಲವತ್ತು ವರ್ಷ ಅಂದುಕೊಂಡಿದ್ದಳು. ಅಮ್ಮನ ಎದುರು ಹಾಗೆ ಅಂದೂ ಇದ್ದಳು.

"ನೀನು ಹೋಗಿದ್ರೆ ಈಗ ನಂಗೆ ಹೇಳ್ಕೊಡ್ತಿದ್ದೆ," ಎಂದಳು.

"ಹೂಂ."

"ಗೊತ್ತಿರೋದಾದ್ರೂ ಹೇಳು. ಎಷ್ಟು ಬಿಸಿ, ಎಷ್ಟು ಹೊತ್ತು."

ಓರಿನ್ ತನಗೆ ನೆನಪಿದ್ದುದನ್ನೆಲ್ಲ ಹೇಳಿದ. ಹೆಚ್ಚಿರಲಿಲ್ಲ. ಪಕ್ಕದ ರಸ್ತೆಯ ಎನೋಸ್ ವಿಡ್ರಿಕ್ ಎಂಬ, ಹಳೆಯ ರೀತಿಯಲ್ಲೇ ಬಾಳುವ ಮೆನೊನೈಟ್ ಪಂಥದ ರೈತ ಪ್ರತಿ ಗುರುವಾರ ತನ್ನ ಹಸುಗಳ ಹಾಲು ಕೆನೆ ತಂದುಕೊಡಲು ಒಪ್ಪಿದ. ಕಪ್ಪು ಟೋಪಿಯ, ಗಡ್ಡದ, ನಿಧಾನ ಮಾತಿನ ಮನುಷ್ಯ. ವಿಲ್ಮಾ ಹಳೆಯ ದಿಂಬಿನ ಚೀಲವೊಂದನ್ನು ಅಮ್ಮ ಮಾಡುತ್ತಿದ್ದಂತೆ ಕುದಿಸಿ ಒಗೆದಳು. ಮಜ್ಜಿಗೆಯ ಹೆಪ್ಪು ಹಾಕಿ ಹಾಲನ್ನು ಒಲೆಯ ಬದಿಯಲ್ಲಿ ಕೂರಿಸಿದಳು. ಗಡ್ಡೆ ಕಟ್ಟಿದ ಮೇಲೆ ಬೆಚ್ಚಗೆ ಮಾಡಿ, ಚೀಲಕ್ಕೆ ಸುರಿದು ನೆಲಮಾಳಿಗೆಯ ತೊಲೆಗೆ ತೂಗುಹಾಕಿ, ಕೆಳಗೆ ಬೋಗುಣಿ ಇಟ್ಟಳು.

ಮೊದಲ ವಾರದ್ದು ಬಾಯಿ ಸೊಟ್ಟಗಾಗುವಷ್ಟು ಹುಳಿ. ಎರಡನೆಯ ವಾರ ಬಿಸಿ ಹೆಚ್ಚಾಗಿ ಮರಳಿನ ಹಾಗೆ ಪುಡಿಪುಡಿಯಾಯಿತು. ಮೂರನೆಯ ವಾರ ಅವಳು ನೆಲಮಾಳಿಗೆಯ ಮೆಟ್ಟಿಲ ಮೇಲೆ ಸ್ವೆಟರು ಹಾಕಿಕೊಂಡು ಕೂತೇ ಇದ್ದಳು. ಗಳಿಗೆಗೊಮ್ಮೆ ಎದ್ದು ಚೀಲವನ್ನು ಅಂಗೈಯಲ್ಲಿ ಒತ್ತುವಳು. ಅಪ್ಪನ ಕೈ ಹೇಗೆ ಒತ್ತುತ್ತಿತ್ತು, ಎಷ್ಟು ಹೊತ್ತು ನಿಲ್ಲುತ್ತಿತ್ತು ಎಂದು ಕಣ್ಣಿಗೆ ಕಟ್ಟಿದ ಹಾಗಿತ್ತು. ಆದರೆ ಆ ಕೈಗೆ ಒಳಗೆ ಏನು ತಿಳಿಯುತ್ತಿತ್ತೋ ಅದು ಅವಳ ಕೈಗೆ ತಿಳಿಯಲಿಲ್ಲ. ಒದ್ದೆ ಬಟ್ಟೆ, ಒಳಗೆ ಏನೋ ಮೆತ್ತಗಿನದು. ಅಷ್ಟೆ. ಕೊನೆಗೆ ಅಂದಾಜಿನ ಮೇಲೆ ಇಳಿಸಿದಳು.

ಆ ವಾರದ್ದು ನೋಡಲು ಚೆನ್ನಾಗಿತ್ತು. ಬೆಳ್ಳಗೆ, ನುಣ್ಣಗೆ, ಚಾಕುವಿನ ಮಾತು ಕೇಳುವ ಹಾಗೆ. ಓರಿನ್ ಆಗಲೇ ಮತ್ತೆ ಬತ್ತತೊಡಗಿದ್ದ. ಕೆನ್ನೆಯ ಮೂಳೆ ಎದ್ದು, ಕಣ್ಣಿನ ಬಿಳಿಗೆ ಹಳದಿ ತಿರುಗುತ್ತಿತ್ತು. ಬ್ರೆಡ್ಡಿನ ಚೂರನ್ನು ಬಾಯಿಗಿಟ್ಟುಕೊಂಡು, ನುಂಗಿ, ತಲೆಯಾಡಿಸಿದ.

"ಇದಲ್ಲ. ಆ ರುಚಿ ಬಂದಿಲ್ಲ."

"ಹತ್ರ ಆದ್ರೂ ಬಂದಿದ್ಯಾ?"

"ಇಲ್ಲ ಕಣೇ."

"ಚೆನ್ನಾಗಿದೆ ಅಂತ ಒಂದು ಸುಳ್ಳಾದ್ರೂ ಹೇಳಬಾರದಿತ್ತಾ ನೀನು? ಮೂರು ವಾರ ಆ ಚಳೀಲಿ ಕೂತಿದೀನಿ."

"ನಿಂಗೆ ಸುಳ್ಳು ಹೇಳಿ ನಂಗೆ ಅಭ್ಯಾಸ ಇಲ್ಲ."

"ಅಪ್ಪನ ವಿಷಯ ನಲವತ್ತು ವರ್ಷ ಬಾಯಿ ಬಿಡಲಿಲ್ವಲ್ಲ, ಅದಕ್ಕೇನಂತಾರೆ?"

ಓರಿನ್ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡ. ಏನಾದರೂ ಕುಚೋದ್ಯ ತೆಗೆಯುತ್ತಾನೆ ಎಂದು ಅವಳು ಕಾದಳು. ತೆಗೆಯಲಿಲ್ಲ. ಅವಳು ತಟ್ಟೆ ಎತ್ತಿಕೊಂಡು ಹೋಗಿ, ಉಳಿದ ಚೀಸನ್ನೆಲ್ಲ ಹಿತ್ತಿಲ ಹಿಮದ ಮೇಲೆ ಸುರಿದು ಬಂದಳು. ಕಾಗೆಗಳು ಬಂದವು.

ಫೆಬ್ರವರಿ ಕೊನೆಗೆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಚಿತ್ರಗಳನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಾಯಿಲೆ ಲಿವರಿಗೆ ಇಳಿದಿತ್ತು. ಇನ್ನು ಮನೆಯಲ್ಲೇ ನೋವಾಗದ ಹಾಗೆ ನೋಡಿಕೊಳ್ಳಿ ಎಂದರು. ಓರಿನ್ನನ್ನು ಗಾಲಿಕುರ್ಚಿಯಲ್ಲಿ ಹೊರಗೆ ಒಯ್ದ ಮೇಲೆ ವಿಲ್ಮಾ ಬಾಗಿಲ ಬಳಿ ನಿಂತು ಕೇಳಿದಳು:

"ಡಾಕ್ಟ್ರೇ, ಡಿಸೆಂಬರಲ್ಲಿ ಅವನು ಚೆನ್ನಾಗಿದ್ದ. ಆ ಚೀಸು ಸಿಕ್ಕಿದ್ದಕ್ಕೆ. ಅದು ನಿಂತು ಹೋಯ್ತು, ನಂಗೆ ಮಾಡೋಕೆ ಬರಲಿಲ್ಲ. ಅದು ಇದ್ದಿದ್ರೆ..."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಮ್ಮ," ಎಂದರು ಡಾಕ್ಟರು. ಒಳ್ಳೆಯ ಮನುಷ್ಯ, ಸಮಾಧಾನಕ್ಕೆಂದೇ ಹೇಳಿದ್ದು. "ಆಪರೇಷನ್ ಆದ್ಮೇಲೆ ಕೆಲವು ವಾರ ಹಾಗೆ ಚೇತರಿಸ್ಕೊಂಡ ಹಾಗೆ ಇರ್ತಾರೆ. ಹೊಟ್ಟೆಗೆ ಸ್ವಲ್ಪ ಹಿತ ಆಗಿರಬಹುದು. ಅಷ್ಟು ಬಿಟ್ರೆ ನೀವು ಏನು ಕೊಟ್ಟಿದ್ರೂ, ಏನು ಬಿಟ್ಟಿದ್ರೂ ಹೀಗೇ ಆಗ್ತಿತ್ತು. ನಿಮ್ಮನ್ನ ನೀವು ಬೈಕೋಬೇಡಿ."

ತನ್ನನ್ನು ಬೈದುಕೊಳ್ಳುವುದಾದರೂ ಅವಳಿಗೆ ಉಳಿದಿತ್ತು. ಕಾರಿನ ತನಕ ನಡೆದು ಬರುವಷ್ಟರಲ್ಲಿ ಅದೂ ಇಲ್ಲವಾಯಿತು. ಹನ್ನೊಂದು ಬಗೆ ಓದಿದ್ದು, ಹಿಮದಲ್ಲಿ ಮೂವತ್ತು ಮೈಲಿ ಹೋದದ್ದು, ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತದ್ದು, ಯಾವುದಕ್ಕೂ ಏನೂ ಅರ್ಥವಿರಲಿಲ್ಲ ಎಂದು ಅವಳಿಗೆ ಅನಿಸಿತು. ಓರಿನ್ ಕೇಳಿದ, "ಏನಂದ್ರು?" "ಏನಿಲ್ಲ, ಮಾತ್ರೆ ಹೇಗೆ ಕೊಡ್ಬೇಕು ಅಂತ ಹೇಳಿದ್ರು," ಎಂದಳು. ಅವನು ನಂಬಿದ ಹಾಗೆ ತಲೆಯಾಡಿಸಿದ.

ಮಾರ್ಚ್ ಕೊನೆಯಲ್ಲಿ, ರಸ್ತೆಯೆಲ್ಲ ಕೆಸರಾಗಿದ್ದಾಗ, ಓರಿನ್ ತೀರಿಕೊಂಡ. ಕೊನೆಯ ಎರಡು ವಾರ ಚಮಚದ ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ. ಆಲ್ಫಾನ್ಸನ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಎತ್ತಬೇಕೆಂದು ವಿಲ್ಮಾ ಎರಡು ಸಲ ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಕೂತಿದ್ದಳು. ಎರಡು ಸಲವೂ ಅವನು ನಿದ್ದೆಯಲ್ಲಿದ್ದ.

ಮಣ್ಣಾದ ಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಹೆಂಗಸರು ಉದ್ದ ಮೇಜಿನ ಮೇಲೆ ತಿಂಡಿ ಜೋಡಿಸಿದ್ದರು. ಹಂದಿ ತೊಡೆಯ ಮಾಂಸ, ಆಲೂಗಡ್ಡೆ, ಬೀನ್ಸು, ಪ್ಲಾಂಟಿನ ಕ್ರೀಮ್ ಚೀಸಿಗೆ ಈರುಳ್ಳಿ ಕಲಸಿದ ಬಟ್ಟಲು, ಪಕ್ಕದಲ್ಲಿ ಬಿಸ್ಕತ್ತು. ಓರಿನ್ನನ ಜೊತೆ ಕೆಲಸ ಮಾಡಿದ್ದವನ ಹೆಂಡತಿ ತಟ್ಟೆಗೆ ಹಾಕಿ ಕೈಗಿತ್ತಳು.

"ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಬಾಯಿಗೆ ಹಾಕ್ಕೋ ವಿಲ್ಮಾ. ಓರಿನ್ ಮಾಡ್ತಿದ್ದ ಚೀಸೇ ಅಲ್ವಾ."

ಅವಳು ತಿಂದಳು. ನುಣುಪಾಗಿ ಜಾರಿತು, ರುಚಿಯಾಗಿತ್ತು. ನಾಲಿಗೆ ಬಲ್ಲ ರುಚಿ ಅದೇ. ಅವಳು ಇನ್ನೊಂದು ಬಿಸ್ಕತ್ತಿಗೆ ಬಳಿದುಕೊಂಡಳು. ನಂತರ ಮತ್ತೊಂದಕ್ಕೆ. ಅಷ್ಟು ಹಸಿವಾಗಿತ್ತು ಎಂದು ಅವಳಿಗೇ ಗೊತ್ತಿರಲಿಲ್ಲ. ತಿನ್ನುತ್ತಲೇ ಕಣ್ಣಿನಿಂದ ನೀರು ಇಳಿಯಿತು. ಹೆಂಗಸರು ಅದನ್ನು ಗಂಡ ಹೋದ ದುಃಖವಷ್ಟೇ ಅಂದುಕೊಂಡು ಬೆನ್ನು ಸವರಿದರು.

ಆ ಗುರುವಾರ ಎನೋಸ್ ಹಾಲು ಕೆನೆ ಹಿಡಿದು ಹಿಂಬಾಗಿಲಿಗೆ ಬಂದ. ಟೋಪಿ ತೆಗೆದು ನಿಂತ.

"ಇನ್ನು ತರಬೇಡಿ ಎನೋಸ್," ಎಂದಳು ವಿಲ್ಮಾ.

"ನಿಮಗೋಸ್ಕರ ಮಾಡ್ಕೊಳ್ಳಿ. ಮಾಡ್ತಾ ಮಾಡ್ತಾ ಬರತ್ತೆ."

"ಬರಲ್ಲ. ಹೇಳ್ಕೊಡೋರು ಯಾರೂ ಇಲ್ಲ."

ಅವನು ಹೂಂಗುಟ್ಟಿ, ಟೋಪಿ ಹಾಕಿಕೊಂಡು, ತಂದ ಕ್ಯಾನನ್ನು ಹಾಗೆಯೇ ಎತ್ತಿಕೊಂಡು ಕೆಸರಿನಲ್ಲಿ ಹೆಜ್ಜೆ ಕೀಳುತ್ತಾ ಹೋದ.

ವಿಲ್ಮಾ ಅದೇ ಮನೆಯಲ್ಲಿದ್ದಾಳೆ. ಈಸ್ಟರಿಗೆ ತಂಗಿ ಕರೆದಳು, ಹೋಗಲಿಲ್ಲ. ಬೆಳಿಗ್ಗೆ ಬ್ರೆಡ್ಡಿಗೆ ಏನೂ ಬಳಿಯದೆ ಕಾಫಿಯಲ್ಲಿ ಅದ್ದಿ ತಿನ್ನುತ್ತಾಳೆ. ಮೊನ್ನೆ ಅಂಗಡಿಯಲ್ಲಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡ ಒಬ್ಬಳು ಆ ತಣ್ಣನೆಯ ಕಪಾಟಿನ ಮುಂದೆ ಎರಡು ಡಬ್ಬಿ ಹಿಡಿದು, "ಇವೆರಡರಲ್ಲಿ ಯಾವುದು ಒಳ್ಳೇದು ಆಂಟಿ? ನಿಮಗೇನಾದ್ರೂ ಗೊತ್ತಾ?" ಎಂದು ಕೇಳಿದಳು. ಆ ಕಪಾಟಿನ ಹನ್ನೊಂದು ಪಟ್ಟಿಗಳೂ ವಿಲ್ಮಾಳಿಗೆ ಬಾಯಿಪಾಠ. ಅವಳು ಎರಡೂ ಡಬ್ಬಿಗಳನ್ನು ನೋಡಿ, "ನಂಗೊತ್ತಿಲ್ಲಮ್ಮ" ಎಂದು ಹೇಳಿ, ಬ್ರೆಡ್ಡು ಇರುವ ಕಡೆಗೆ ಹೊರಟುಹೋದಳು.